ಮೈಯೇ ಮೊದಲ ಊಟ

ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಡಿಸ್ಕಸ್ ಮೀನು ಮರಿ ಮಾಡಿದಾಗ ನಾನು ಅದರ ಮುಂದಿನಿಂದ ಗಂಟೆಗಟ್ಟಲೆ ಏಳಲೇ ಇಲ್ಲ. ಆಗಷ್ಟೇ ಈಜು ಕಲಿತ ಮರಿಗಳು ನೇರವಾಗಿ ತಾಯಿಯ ಪಕ್ಕೆಗೆ ಅಂಟಿಕೊಂಡವು. ಮೈಮೇಲೆ ಒಸರುವ ಲೋಳೆಯೇ ಅವುಗಳ ಮೊದಲ ಊಟ. ತಾಯಿ ಒಮ್ಮೆ ಮೈ ಕೊಡವಿತು. ಇಡೀ ಹಿಂಡು ತಂದೆಯ ಮೈಗೆ ಹಾರಿತು. ಹೌದು, ಅಪ್ಪನೂ ಉಣಿಸುತ್ತಾನೆ!

ಅಮೆಜಾನ್ ನದಿಯ ಈ ಮೀನನ್ನು 1840ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಆಸ್ಟ್ರಿಯಾದ ಹೆಕೆಲ್. ತವರಿನ ನೀರು ಬೆಚ್ಚಗಿನದು. ನಮ್ಮ ತೊಟ್ಟಿಯಲ್ಲೂ 28ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು.

ಡಿಸ್ಕಸ್ ಕೊಳ್ಳಲು ಅಂಗಡಿಗೆ ಹೋದಾಗ ಬಣ್ಣಕ್ಕೆ ಮರುಳಾಗಬೇಡಿ. ಎರಡು ಇಂಚಿನ ಮರಿಗೆ ಸಾಮಾನ್ಯವಾಗಿ ಬಣ್ಣ ಪೂರ್ತಿ ಬಂದಿರುವುದಿಲ್ಲ; ಅಷ್ಟರಲ್ಲೇ ಥಳಥಳಿಸಿದರೆ ಹಾರ್ಮೋನು ಕೊಟ್ಟಿರಬಹುದು. ಬಣ್ಣ ಬಿಡಿ, ಕಣ್ಣು ನೋಡಿ. ಮೈಗಿಂತ ಕಣ್ಣೇ ಎದ್ದು ಕಂಡರೆ, ಅದು ಸರಿಯಾದ ಆರೈಕೆಯಿಲ್ಲದೆ ಕುಗ್ಗಿದ ಮರಿ. ಒಳ್ಳೆಯ ಮರಿಯ ಮೈ ತಟ್ಟೆಯಂತೆ ದುಂಡಗೆ, ಹಣೆ ತುಂಬಿಕೊಂಡು ಇರುತ್ತದೆ. ಮೂಲೆಯಲ್ಲಿ ಕಪ್ಪಿಟ್ಟು ನಿಂತದ್ದು ಬೇಡ.

ತರುವುದಾದರೆ ಒಂದನ್ನೇ ತರಬೇಡಿ. ಆರಾದರೂ ಇರಲಿ, ಗುಂಪಿನಲ್ಲಿ ಅವಕ್ಕೆ ಧೈರ್ಯ. ದಿನಕ್ಕೆ ನಾಲ್ಕೈದು ಸಲ ಚಿಟಿಕೆ ಚಿಟಿಕೆ ಮೇವು ಹಾಕಿ, ಮಿಕ್ಕದ್ದನ್ನು ಕೊಳವೆಯಿಂದ ಎಳೆದುಬಿಡಿ. ನೀರು ಬದಲಿಸುವುದನ್ನು ಮಾತ್ರ ನಾಳೆಗೆ ಮುಂದೂಡಬೇಡಿ. ನಾನು ರಾತ್ರಿಯೇ ಡ್ರಮ್ಮಿನಲ್ಲಿ ನೀರು ಹಿಡಿದು, ಕ್ಲೋರಿನ್ ಹೋಗಲಾಡಿಸಿ, ಹೀಟರ್ ಹಾಕಿಡುತ್ತೇನೆ. ಬೆಳಿಗ್ಗೆ ಕೊಳವೆ ಹಿಡಿದು ಬಗ್ಗಿದರೆ ಮರಿಗಳು ಗಾಜಿನ ಬಳಿ ಸಾಲಾಗಿ ಬಂದು ನಿಂತಿರುತ್ತವೆ.