ಹಿತ್ತಲ ಹಸಿರುಮನೆ, ನಾಲ್ಕು ಕೀ

ಮಾರ್ಚ್‌ನಲ್ಲಿ ದಾವಣಗೆರೆಯ ನಮ್ಮ ಹಿತ್ತಲಲ್ಲಿ ಪೈಪ್ ನಿಲ್ಲಿಸಿ, ಪಾಲಿಥಿನ್ ಶೀಟ್ ಹೊದಿಸಿ ಪುಟ್ಟ ಹಸಿರುಮನೆ ಕಟ್ಟಿದೆ. ಗಿಡ ಬೆಳೆಸೋ ಅಕ್ಕಪಕ್ಕದ ಮೂರು ಮನೆಯವರಿಗೂ "ನಿಮ್ಮ ಸಸಿ ಟ್ರೇನೂ ಇಲ್ಲೇ ಇಡಿ" ಅಂದೆ.

ಒಂದು ಮಧ್ಯಾಹ್ನ, ಬೆಕ್ಕು ನುಗ್ಗುತ್ತೆ ಅಂತ ಬಾಗಿಲು ಮುಚ್ಚಿ ಹೊರಗೆ ಹೋದೆ. ಬಂದು ನೋಡಿದ್ರೆ ಎಲ್ಲರ ಟೊಮೆಟೊ, ಬದನೆ ಸಸಿ ಸುಟ್ಟಂಗೆ ಬಾಡಿ ಮಲಗಿದ್ವು. ಪಾಲಿಥಿನ್ ಬಿಸಿಲನ್ನ ಒಳಗೆ ಬಿಡುತ್ತೆ, ಬಿಸಿ ಗಾಳಿಯನ್ನ ಹೊರಗೆ ಬಿಡಲ್ಲ. ಚಳಿ ದೇಶಕ್ಕೆ ಸರಿ, ನಮ್ಮ ಬೇಸಿಗೆಗಲ್ಲ.

ಶೀಟ್ ಕಿತ್ತು 50% ಶೇಡ್ ನೆಟ್ ಹಾಕಿದೆ, ಪಕ್ಕಗಳನ್ನ ಗಾಳಿಗೆ ಬಿಟ್ಟೆ. ಸಾರಿ ಕೇಳೋಕೆ ಹೋದ್ರೆ ಪಕ್ಕದ್ಮನೆ ಆಂಟಿ ಬೈಲಿಲ್ಲ. ಬದನೆ ಬೀಜ ಕೈಗಿಟ್ಟು, "ಕೀನೂ ಒಂದು ಕೊಡಪ್ಪ, ಮಧ್ಯಾಹ್ನ ನಾನು ನೋಡ್ಕೋತೀನಿ" ಅಂದ್ರು.

ಈಗ ನಾಲ್ಕೂ ಮನೆಯಲ್ಲಿ ಕೀ ಇದೆ.