ಕುಲುಮೆಯ ಬಾಯಲ್ಲಿ ಒಂದು ಹನಿ ಗಾಳಿ



ಶತಮಾನೋತ್ಸವದ ಈ ವೇದಿಕೆಯಿಂದ ಶಾಲೆಯ ಹಿರಿಮೆಯನ್ನು ಹೇಳಲು ನಮಗಿಂತ ಸಮರ್ಥರು ಅನೇಕರಿದ್ದಾರೆ. ನಮಗೆ ಒಪ್ಪಿಸಿರುವುದು ವಿಜ್ಞಾನದ ಒಂದು ಮಾತು. ಅದಕ್ಕೆ ಬಹಳ ಸಣ್ಣ ವಿಷಯವೊಂದನ್ನು ಆರಿಸಿಕೊಂಡಿದ್ದೇವೆ: ಪ್ರಯೋಗಾಲಯದ ಕುಲುಮೆಗೆ ಮಾದರಿಯನ್ನು ಹಾಕುವಾಗ ಅದರ ಬೆನ್ನಿಗೇ ಗಾಳಿಯೂ ಒಳನುಗ್ಗದಂತೆ ತಡೆಯುವುದು ಹೇಗೆ?

ಗುಂಡ್ಲುಪೇಟೆ ದಾಟಿ, ಬಂಡೀಪುರದ ಕಾಡಿನಲ್ಲಿ ಹಾದು, ಮಸಿನಗುಡಿಯ ಕಡೆಯಿಂದಲೋ ಗೂಡಲೂರಿನ ಕಡೆಯಿಂದಲೋ ಘಟ್ಟ ಹತ್ತಿ ಉದಕಮಂಡಲಕ್ಕೆ ಹೋದವರೆಲ್ಲರೂ ಅಲ್ಲಿನ ಹುಲ್ಲುಗಾವಲನ್ನು ಕಂಡಿದ್ದೀರಿ. ಗುಡ್ಡದ ಮೈಯೆಲ್ಲ ಹುಲ್ಲು, ಕಣಿವೆಯ ಮಡಿಲಲ್ಲಿ ಮಾತ್ರ ಶೋಲಾ ಕಾಡು. ಮನುಷ್ಯ ಮರ ಕಡಿದು, ಬೆಂಕಿಯಿಟ್ಟು ಈ ಹುಲ್ಲನ್ನು ಉಂಟುಮಾಡಿದನೋ, ಅಥವಾ ಅದು ಮೊದಲಿನಿಂದಲೂ ಇದ್ದುದೋ ಎಂಬ ವಾದ ಬಹುಕಾಲ ನಡೆಯಿತು. ಇದು ಪಂಡಿತರ ಹರಟೆಯಷ್ಟೇ ಆಗಿರಲಿಲ್ಲ. ಹುಲ್ಲುಗಾವಲನ್ನು ಪಾಳುಭೂಮಿಯೆಂದು ಎಣಿಸಿದವರು ಅದರ ಮೇಲೆ ನೀಲಗಿರಿ ಮರವನ್ನೂ ವ್ಯಾಟಲ್ ಮರವನ್ನೂ ನೆಟ್ಟರು. ತೊದವರ ಎಮ್ಮೆಗಳು ಮೇಯುತ್ತಿದ್ದ ಎಷ್ಟೋ ಇಳಿಜಾರುಗಳು ಹೀಗೆ ತೋಪುಗಳಾದವು.

ಉತ್ತರ ಸಿಕ್ಕಿದ್ದು ಜೌಗಿನ ಕರಿಮಣ್ಣಿನಲ್ಲಿ. ಉದಕಮಂಡಲದ ಸಮೀಪದ ಸ್ಯಾಂಡಿನಾಲಾ ಕಣಿವೆಯಂತಹ ತಗ್ಗುಗಳಲ್ಲಿ ಸತ್ತ ಸಸ್ಯಗಳು ಪೂರ್ತಿ ಕೊಳೆಯದೆ, ಪದರದ ಮೇಲೆ ಪದರವಾಗಿ, ಪೀಟ್ ಎಂಬ ಮಣ್ಣಾಗಿ ಕುಳಿತಿವೆ. ಮರಗಿಡಗಳಿಗಿಂತ ಒಣಹವೆಯನ್ನು ತಾಳುವ ಹುಲ್ಲುಗಳಲ್ಲಿ 13ರ ತೂಕದ ಇಂಗಾಲ ತುಸು ಹೆಚ್ಚು. ಆ ವ್ಯತ್ಯಾಸವನ್ನು ಪದರ ಪದರವಾಗಿ ಅಳೆದು ಆರ್. ಸುಕುಮಾರ್, ಆರ್. ರಮೇಶ್, ಆರ್. ಕೆ. ಪಂತ್ ಮತ್ತು ಜಿ. ರಾಜಗೋಪಾಲನ್ ಅವರು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮಾರು 20,000 ವರ್ಷಗಳ ಹಿಂದೆ, ಕೃಷಿಯೂ ಕಬ್ಬಿಣದ ಕೊಡಲಿಯೂ ಹುಟ್ಟುವ ಎಷ್ಟೋ ಮೊದಲು, ಆ ಬೆಟ್ಟದ ಮೇಲೆ ಹುಲ್ಲೇ ಮೇಲುಗೈಯಾಗಿತ್ತು.

ಮಣ್ಣಿನ ಇಂತಹ ಸಾಕ್ಷ್ಯವನ್ನು ಕೇಳಬೇಕಾದರೆ ಮಣ್ಣನ್ನು ಸುಡಬೇಕು. ಸುಟ್ಟಾಗ ಬರುವ ಅನಿಲವೇ ಸಾಕ್ಷಿ. ಆ ಸಾಕ್ಷಿಯ ಜೊತೆಗೆ ಗಾಳಿಯೆಂಬ ಸುಳ್ಳುಸಾಕ್ಷಿಯೂ ಬಂದು ನಿಲ್ಲುತ್ತದೆ ಎಂಬುದೇ ನಮ್ಮ ಕಷ್ಟ.

ಒಂದು ಲೆಕ್ಕವನ್ನು ನೋಡೋಣ. 20 ಮಿಲಿಗ್ರಾಂ ಮಣ್ಣಿನಲ್ಲಿ ನೂರಕ್ಕೆ 0.2ರಷ್ಟು ಸಾರಜನಕವಿದೆಯೆನ್ನಿ. ಅದು 0.04 ಮಿಲಿಗ್ರಾಂ. ಗಾಳಿಯ ನೂರು ಪಾಲಿನಲ್ಲಿ 78 ಪಾಲು ಸಾರಜನಕವೇ. ಆದುದರಿಂದ ಒಂದು ನೀರಹನಿಯಷ್ಟು, ಎಂದರೆ 0.05 ಮಿಲಿಲೀಟರ್ ಗಾಳಿಯಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಸಾರಜನಕವಿರುತ್ತದೆ. ಮಾದರಿಯೊಡನೆ ಅಷ್ಟು ಗಾಳಿ ಕುಲುಮೆಗೆ ಬಿದ್ದರೆ ಉತ್ತರ ಇಮ್ಮಡಿಯಾಗುತ್ತದೆ. ಉದಕಮಂಡಲದ ಎತ್ತರದಲ್ಲಿ ಗಾಳಿ ತೆಳುವಾದುದರಿಂದ ತಪ್ಪು ಮುಕ್ಕಾಲು ಪಾಲಿಗೆ ಇಳಿದೀತು. ಆ ರಿಯಾಯಿತಿಯನ್ನು ನಂಬಿ ಯಾರೂ ಕೆಲಸ ಮಾಡಲಾರರು. ಇಂಗಾಲದ ವಿಷಯದಲ್ಲಿ ಗಾಳಿ ಅಷ್ಟು ಕೇಡಿಗನಲ್ಲವೆಂದು ನ್ಯಾಯವಾಗಿ ಹೇಳಬೇಕು. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದೇ ನೂರಕ್ಕೆ 0.04ರಷ್ಟು. ಅಲ್ಲಿ ಹೊಸ ಬೇರಿನ ಎಳೆಗಳೇ ವೈರಿ. 40,000 ವರ್ಷದ ಮಾದರಿಯ ಇಂಗಾಲದಲ್ಲಿ ನೂರಕ್ಕೆ ಒಂದು ಪಾಲು ಇಂದಿನದು ಬೆರೆತರೂ ರೇಡಿಯೊ ಕಾರ್ಬನ್ ಲೆಕ್ಕದಲ್ಲಿ ಅದರ ವಯಸ್ಸು ಸುಮಾರು 7,000 ವರ್ಷ ಕಡಿಮೆಯಾಗಿ ಕಾಣುತ್ತದೆ.

ಈ ತೊಂದರೆಯನ್ನು 1830ರ ದಶಕದಲ್ಲಿಯೇ ಫ್ರಾನ್ಸಿನ ಡ್ಯೂಮಾ ಕಂಡಿದ್ದರು. ಮಾದರಿಯನ್ನು ತಾಮ್ರದ ಆಕ್ಸೈಡಿನೊಡನೆ ಕೊಳವೆಯಲ್ಲಿ ಸುಡುವ ಮೊದಲು ಇಂಗಾಲದ ಡೈಆಕ್ಸೈಡನ್ನು ಹರಿಸಿ ಒಳಗಿನ ಗಾಳಿಯನ್ನೆಲ್ಲ ಹೊರದೂಡುತ್ತಿದ್ದರು. ಇಂದು ಆ ಕೆಲಸ ಹೀಲಿಯಂನದು. ಉಪಾಯ ಮಾತ್ರ ಹಳೆಯದೇ.

ಮಣ್ಣನ್ನು ನುಣ್ಣಗೆ ಅರೆದು, ಒಣಗಿಸಿ, ತವರದ ಪುಟ್ಟ ಬಟ್ಟಲಿನಲ್ಲಿ ತೂಗುತ್ತಾರೆ. ಬಟ್ಟಲಿನ ಬಾಯನ್ನು ಚಿಮಟದಿಂದ ಮಡಚಿ, ನಾಲ್ಕೂ ಕಡೆ ಒತ್ತಿ, ಗುಳಿಗೆ ಮಾಡುತ್ತಾರೆ. ಇಡೀ ವಿದ್ಯೆ ಇರುವುದು ಈ ಒತ್ತುವಿಕೆಯಲ್ಲಿಯೇ ಎಂದು ನಮ್ಮ ಅಭಿಪ್ರಾಯ. ಸಡಿಲವಾಗಿ ಮಡಚಿದರೆ ಸುಕ್ಕುಗಳಲ್ಲಿ ಗಾಳಿ ಉಳಿಯುತ್ತದೆ. ಅತಿಯಾಗಿ ಒತ್ತಿದರೆ ತವರ ಹರಿದು ಮಣ್ಣು ಸೋರುತ್ತದೆ. ಪೀಟಿನಂತಹ ಹಗುರ ಮಣ್ಣು ಸ್ಪಂಜಿನ ಹಾಗೆ ತನ್ನ ರಂಧ್ರಗಳಲ್ಲೆಲ್ಲ ಗಾಳಿಯನ್ನು ಹಿಡಿದುಕೊಂಡಿರುತ್ತದೆ. ಗುಳಿಗೆಗಳನ್ನು ಕುಲುಮೆಯ ಮೇಲಿನ ತಿರುಗುವ ತಟ್ಟೆಯ ಕುಳಿಗಳಲ್ಲಿ ಇಟ್ಟು, ಮುಚ್ಚಳ ಬಿಗಿದು, ಹೀಲಿಯಂನಿಂದ ತೊಳೆಯುತ್ತಾರೆ. ಉತ್ತಮ ಯಂತ್ರಗಳಲ್ಲಿ ಮೊದಲು ಗಾಳಿಯನ್ನು ಪಂಪಿನಿಂದ ಹೀರಿ ತೆಗೆದು ಆಮೇಲೆ ಹೀಲಿಯಂ ತುಂಬುವ ಏರ್ಪಾಡಿದೆ. ಅನಂತರವೇ ಗುಳಿಗೆ ಸುಮಾರು 1,000 ಡಿಗ್ರಿ ಸೆಲ್ಸಿಯಸ್ ಉರಿಯೊಳಗೆ ಬೀಳುತ್ತದೆ. ಹೀಲಿಯಂ ನಮ್ಮ ದೇಶಕ್ಕೆ ಹೊರಗಿನಿಂದ ಬರುವ ದುಬಾರಿ ಅನಿಲ. ತೊಳೆಯುವ ಹೊತ್ತನ್ನು ಮೊಟಕುಮಾಡುವ ಆಸೆ ಎಲ್ಲರಿಗೂ ಹುಟ್ಟುತ್ತದೆ, ನಮಗೂ ಹುಟ್ಟಿತ್ತು.

ನಾವು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದಲ್ಲಿ ಒಮ್ಮೆ ಸಾರಜನಕದ ಅಂಕಿಗಳು ದಿನದಿನಕ್ಕೆ ಏರತೊಡಗಿದವು. ಮಣ್ಣು ಫಲವತ್ತಾಗಿದೆಯೆಂದು ಎರಡು ದಿನ ಸಂತೋಷಪಟ್ಟೆವು. ಮೂರನೆಯ ದಿನ ಖಾಲಿ ಬಟ್ಟಲನ್ನೇ ಮಡಚಿ ಹಾಕಿದಾಗ ಅದರಲ್ಲಿಯೂ ಸಾರಜನಕ ಕಂಡಿತು! ಮುಚ್ಚಳವನ್ನು ಬಿಚ್ಚಿ ನೋಡಿದರೆ ರಬ್ಬರಿನ ಬಳೆಯ ಕೆಳಗೆ ಒಂದು ತಲೆಗೂದಲು. ಎರಡು ದಿನದ ಅಂಕಿಗಳನ್ನೆಲ್ಲ ಹೊಡೆದುಹಾಕಿ, ಉಳಿದಿದ್ದ ಮಣ್ಣನ್ನು ಮತ್ತೆ ತೂಗಿದೆವು. ಮೂರು ಪದರಗಳ ಮಣ್ಣು ಮಾತ್ರ ಮುಗಿದುಹೋಗಿತ್ತು. ಅದನ್ನು ತೆಗೆದ ಗುಂಡಿ ಮಳೆಗೆ ತುಂಬಿಹೋಗಿದ್ದರಿಂದ ಆ ಪದರಗಳ ಸಾಲು ನಮ್ಮ ಪಟ್ಟಿಯಲ್ಲಿ ಇಂದಿಗೂ ಖಾಲಿಯಾಗಿದೆ.

ಅಂದಿನಿಂದ ಪ್ರತಿ ಹತ್ತು ಮಾದರಿಗೊಮ್ಮೆ ಒಂದು ಖಾಲಿ ಬಟ್ಟಲನ್ನು ಸುಡುತ್ತೇವೆ. ದ್ರವ್ಯರಾಶಿಯನ್ನು ಅಳೆಯುವ ಯಂತ್ರ ಜೊತೆಗಿದ್ದರೆ 40ರ ಅಂಕಿಯ ಮೇಲೆ ಕಣ್ಣಿಟ್ಟಿರುತ್ತೇವೆ, ಅದು ಆರ್ಗಾನ್. ಗಾಳಿಯಲ್ಲಿ ಅದು ನೂರಕ್ಕೆ ಸುಮಾರು ಒಂದು ಪಾಲಿದೆ, ಮಣ್ಣು ಸುಟ್ಟರೆ ಅದು ಹುಟ್ಟುವುದಿಲ್ಲ. ಅದು ಕಾಣಿಸಿಕೊಂಡಿತೆಂದರೆ ಗಾಳಿ ಎಲ್ಲಿಂದಲೋ ನುಗ್ಗಿದೆಯೆಂದೇ ಅರ್ಥ.

ಒತ್ತಿದ ಗುಳಿಗೆಗಳು ಕೆಲವನ್ನು ಈ ಡಬ್ಬಿಯಲ್ಲಿ ತಂದಿದ್ದೇವೆ. ಮಕ್ಕಳು ಒಬ್ಬರ ಕೈಯಿಂದ ಒಬ್ಬರಿಗೆ ದಾಟಿಸಿ ನೋಡಲಿ. ಅವುಗಳಲ್ಲಿ ಎರಡು ಗುಳಿಗೆಗಳನ್ನು ಬೇಕೆಂದೇ ಸರಿಯಾಗಿ ಒತ್ತಿಲ್ಲ. ಅವು ಯಾವುವೆಂದು ಕಂಡುಹಿಡಿದವರು ಸಭೆ ಮುಗಿದ ಮೇಲೆ ನಮ್ಮ ಬಳಿ ಬಂದು ಹೇಳಬೇಕು.