ಬಾವಿ ಬತ್ತಿದರೆ ಬ್ಯಾಂಕೂ ಅಂಜುತ್ತದೆ



ಕೋಲಾರದ ಕಡೆಯ ಯಜಮಾನರೊಬ್ಬರು ಮೊನ್ನೆ ಕೇಳಿದರು: "ಸ್ವಾಮಿ, ಹಸ ತರ್ತೀನಿ ಅಂದ್ರೆ ಬ್ಯಾಂಕಿನೋರು ಕೂರಿಸಿ ಮಾತಾಡಿಸ್ತಾರೆ. ಬೋರು ಕೊರೆಸ್ತೀನಿ ಅಂದ್ರೆ ಮುಖ ತಿರುಗಿಸ್ತಾರೆ. ಜಮೀನು ಅದೇ, ಪಹಣಿ ಅದೇ. ಯಾಕೆ ಹೀಗೆ?"

ಕೇಳಬೇಕಾದ ಮಾತೇ. ಆದರೆ ಪಹಣಿಯಿಂದ ಕಂತು ಬರುವುದಿಲ್ಲವಷ್ಟೆ. ಟೊಮೇಟೊ, ಹಿಪ್ಪುನೇರಳೆ ಬೆಳೆದರೆ ಕಂತು ಬರುತ್ತದೆ, ಬೆಳೆಗೆ ನೀರು ಬೇಕು. ಬ್ಯಾಂಕಿನ ಹಣ ನಿಂತಿರುವುದು ಭೂಮಿಯೊಳಗಿನ ನೀರಿನ ಮೇಲೆ.

ವರ್ಷಕ್ಕೆ ಎತ್ತಬಹುದಾದ ಅಂತರ್ಜಲದಲ್ಲಿ 100ಕ್ಕೆ 70 ಪಾಲಿನೊಳಗೆ ಎತ್ತಿದರೆ ಆ ಸೀಮೆ ಸುರಕ್ಷಿತವೆಂದು ಕೇಂದ್ರ ಅಂತರ್ಜಲ ಮಂಡಳಿಯ ಲೆಕ್ಕ. 100 ಮೀರಿದರೆ ಅತಿಬಳಕೆ. ಕೋಲಾರ ಜಿಲ್ಲೆ ಬಹುಕಾಲದಿಂದ ಈ ಸಾಲಿನಲ್ಲಿದೆ. 1982ರಲ್ಲಿ ಸ್ಥಾಪನೆಯಾದ ನಬಾರ್ಡ್ ಅಂಥ ಕಡೆಗಳಲ್ಲಿ ಹೊಸ ಬಾವಿಗಳ ಮರುಸಾಲವನ್ನು ಬಿಗಿಮಾಡಿತು. ಬಾವಿಗೂ ಬಾವಿಗೂ ಇಂತಿಷ್ಟು ಅಂತರವಿರಬೇಕೆಂದೂ ನಿಯಮವುಂಟು.

ಅಂತರ ಯಾಕೆ ಅಂತೀರೋ? ಹಿಂದೆ ನಾನು ಸಾಲದ ಅರ್ಜಿ ನೋಡುವ ಕೆಲಸದಲ್ಲಿದ್ದೆ. ಗುರಿ ಮುಟ್ಟುವ ಆತುರದಲ್ಲಿ ಅಕ್ಕಪಕ್ಕದ ಹೊಲದ ಇಬ್ಬರಿಗೆ ಬಾವಿ ಸಾಲ ಬರೆದೆವು. ಎರಡನೆಯವರು ಆಳಕ್ಕೆ ಕೊರೆಸಿದರು, ಮೊದಲನೆಯವರ ಪಂಪು ಗಾಳಿ ಎಳೆಯಿತು. ಎರಡು ಬೇಸಗೆಯೊಳಗೆ ಅದೂ ಬತ್ತಿತು. ಸಾಲ ಎರಡೂ ಮುಳುಗಿದವು. ತಪ್ಪು ರೈತರದಲ್ಲ, ಬರೆದವರದು.

ಹೀಗೆ ಕೈ ಸುಟ್ಟುಕೊಂಡ ಬ್ಯಾಂಕು ಇಡೀ ಊರಿಗೇ ಅಂಜುತ್ತದೆ. ಬಾವಿಗೆ ಇಲ್ಲ, ಒಡವೆ ತನ್ನಿ ಅನ್ನುತ್ತದೆ. ಅದಕ್ಕೇನೋ ಅಪಾಯ ತಪ್ಪಿತು. ರೈತನಿಗೆ? ಅವನು ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ತಂದು ಸಾವಿರ ಅಡಿ ಕೊರೆಸುತ್ತಾನೆ. ಬ್ಯಾಂಕಿನ ಪುಸ್ತಕ ಬಿಟ್ಟ ಅಪಾಯ ಅವನ ಮನೆಯ ಹೊಸಿಲಿಗೆ ಬಂತು.

ನೀರು ಏರಿದರೆ ಬ್ಯಾಂಕಿಗೂ ಧೈರ್ಯ ಬರುತ್ತದೆ. 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುತ್ತಿದ್ದಾರೆ. ಸುತ್ತಣ ಬಾವಿಗಳಲ್ಲಿ ನೀರು ಮೇಲೆ ಬಂದಿದೆ. ಆದರೆ ಆ ನೀರಿನ ಗುಣದ ತಕರಾರು ನ್ಯಾಯಾಲಯದವರೆಗೂ ಹೋಯಿತು. ನೀರು ಎಷ್ಟು ಎನ್ನುವುದರ ಜೊತೆಗೆ ಎಂಥದು ಎಂಬುದನ್ನೂ ಸಾಲ ಕೊಡುವವನು ನೋಡಬೇಕಾಗುತ್ತದೆ.

ನೀವೊಂದು ಮಾಡಿ. ಮುಂಗಾರಿಗೆ ಮೊದಲೊಮ್ಮೆ, ಹಿಂಗಾರು ಮುಗಿದ ಮೇಲೊಮ್ಮೆ ನಿಮ್ಮ ಬಾವಿಯ ನೀರಿನ ಮಟ್ಟ ಅಳೆದು ಬರೆದಿಡಿ. ಮಣ್ಣು, ನೀರಿನ ಪರೀಕ್ಷೆಯ ಚೀಟಿಯನ್ನೂ ಜೊತೆಗಿಟ್ಟುಕೊಂಡು ಬ್ಯಾಂಕಿಗೆ ಹೋಗಿ. ಹೊಸ ಬೋರಿಗೆ ಬದಲು ಹನಿ ನೀರಾವರಿಗೋ, ಕೃಷಿಹೊಂಡಕ್ಕೋ ಸಾಲ ಕೇಳಿ.

ಆ ಯಜಮಾನರಿಗೂ ಇದನ್ನೇ ಹೇಳಿದೆ. "ಹೊಂಡಕ್ಕೆ ಐದಾರು ಗುಂಟೆ ಹೋಗ್ತದಲ್ಲ ಸ್ವಾಮಿ" ಅಂದರು. ಹೋಗುತ್ತದೆ, ನಿಜ. ಆ ಗುಂಟೆಗಳ ಬೆಳೆ ಎಷ್ಟು, ಕೈಸಾಲದ ಬಡ್ಡಿ ಎಷ್ಟು, ಎರಡನ್ನೂ ಬರೆದು ತನ್ನಿ ಎಂದಿದ್ದೇನೆ.